ಬರೀ ಬಣ್ಣ ಅಂದವರೇ ಈಗ ಪೀಸ್ ಕಳಿಸುತ್ತಿದ್ದಾರೆ

"ಟೈಟೇನಿಯಂಗೆ ಎಲ್ಲಿಯ ತುಕ್ಕು? ನೀನು ಮಾಡೋದು ಬರೀ ಬಣ್ಣ" ಅಂತ ಪೀಣ್ಯದ ಗೆಳೆಯರು ಎರಡು ವರ್ಷ ನಕ್ಕರು.

ನನ್ನ ಕೆಲಸ ಮೂಳೆಗೆ ಕೂರಿಸುವ ಗ್ರೇಡ್ 23 (ಇಂಪ್ಲಾಂಟ್‌ಗೆ ಬಳಸುವ ಟೈಟೇನಿಯಂ ಮಿಶ್ರಲೋಹ) ಸ್ಕ್ರೂ, ಪ್ಲೇಟ್‌ಗಳ ಆನೋಡೈಸಿಂಗ್. ಅಂದರೆ ದ್ರಾವಣದಲ್ಲಿ ಮುಳುಗಿಸಿ ಕರೆಂಟು ಹರಿಸಿ, ಮೈಮೇಲೆ ಕಾಪಾಡುವ ಆಕ್ಸೈಡ್ ಪದರ ಬೆಳೆಸೋದು. ಬಣ್ಣ ಕಾಣೋದು ಆ ಪದರದ ದಪ್ಪದಿಂದ. ಎಸ್.ಪಿ. ರೋಡಿನಿಂದ 120 ವೋಲ್ಟಿನ ಹಳೇ ಪವರ್ ಸಪ್ಲೈ ತಂದೆ, 38 ಸಾವಿರವೋ ಏನೋ ಕೊಟ್ಟಿದ್ದೆ. ಟ್ರೈಸೋಡಿಯಂ ಫಾಸ್ಫೇಟ್‌ನಲ್ಲಿ 60 ವೋಲ್ಟಿಗೆ ಮೊದಲ ಲಾಟ್ ಚಿನ್ನದ ಹಾಗೆ ಬಂತು. 37 ಡಿಗ್ರಿಯ ಉಪ್ಪುನೀರಿನಲ್ಲಿ ಇಟ್ಟು ಮೂರು ವಾರ ಬಿಟ್ಟು ನೋಡಿದರೆ, ಸ್ಕ್ರೂ ತಲೆಯ ಸುತ್ತ ಕಂದು ಚುಕ್ಕೆ! ಸುಮಾರು 200 ಸ್ಕ್ರೂ, 80 ಸಾವಿರ ರೂಪಾಯಿ ನೀರುಪಾಲು.

ವೋಲ್ಟೇಜ್ ಏರಿಸಿದೆ, ಇಳಿಸಿದೆ. ಆರು ತಿಂಗಳು ಸುಮ್ನೆ ಹೋಯಿತು. ತಪ್ಪು ಆನೋಡೈಸಿಂಗ್‌ನಲ್ಲಿ ಇರಲೇ ಇಲ್ಲ. ಗಾಜಿನ ಮಣಿ ರಭಸದಿಂದ ಹೊಡೆದು ಮೈ ಉಜ್ಜುವ ಬ್ಲಾಸ್ಟಿಂಗ್ ಕ್ಯಾಬಿನೆಟ್‌ನಲ್ಲಿ ಬೆಳಗ್ಗೆ ಉಕ್ಕಿನ ಡೈ, ಮಧ್ಯಾಹ್ನ ಟೈಟೇನಿಯಂ. ಮಣಿ ಮಾತ್ರ ಎರಡಕ್ಕೂ ಅದೇ! ಕಬ್ಬಿಣದ ಧೂಳು ಪೀಸಿನ ಮೈಗೆ ಕಚ್ಚಿ ಕೂತಿತ್ತು. ಸಾಲದ್ದಕ್ಕೆ ಕೊನೆಯ ತೊಳೆತ ಬೋರ್‌ವೆಲ್ ನೀರಿನಲ್ಲಿ.

ಮಣಿ ಬೇರೆ ಮಾಡಿದೆ. ಪಿಕ್ಲಿಂಗ್‌ಗೆ, ಅಂದರೆ ಆಸಿಡ್‌ನಲ್ಲಿ ಮೇಲ್ಪದರ ತೆಗೆಯೋದಕ್ಕೆ, ಒಂದು ಪಾಲು ಎಚ್‌ಎಫ್ (ಹೈಡ್ರೋಫ್ಲೋರಿಕ್ ಆಸಿಡ್), ಹತ್ತು ಪಾಲು ನೈಟ್ರಿಕ್ ಆಸಿಡ್. ನೈಟ್ರಿಕ್‌ನಲ್ಲಿ ಜಿಪುಣತನ ಮಾಡಿದರೆ ಹೈಡ್ರೋಜನ್ ಒಳಗೆ ಸೇರಿ ಪೀಸ್ ಪೆಡಸಾಗುತ್ತದೆ. ಎಚ್‌ಎಫ್ ಸುಟ್ಟರೆ ಹಚ್ಚುವ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಕೈಗೆಟಕುವಲ್ಲಿ ಇಡಿ, ನಮ್ಮ ಹುಡುಗನೊಬ್ಬನ ಬೆರಳು ಉಳಿದದ್ದು ಅದರಿಂದಲೇ. ಆಮೇಲೆ 30 ಪರ್ಸೆಂಟ್ ನೈಟ್ರಿಕ್‌ನಲ್ಲಿ ಅರ್ಧ ಗಂಟೆ, ಡಿಐ (ಕರಗಿದ ಲವಣ ತೆಗೆದ) ನೀರಿನ ತೊಳೆತ, ಅದಾದ ಮೇಲಷ್ಟೇ ಕರೆಂಟು. ಪೀಸ್ ತೂಗುಹಾಕುವ ಹುಕ್ ಟೈಟೇನಿಯಂದೇ ಇರಲಿ. ವೋಲ್ಟೇಜ್ ಹೇಗೆ ಏರಿಸುತ್ತೇನೆ, ಫಾಸ್ಫೇಟ್ ಜತೆ ಏನು ಬೆರೆಸುತ್ತೇನೆ ಅಂತ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ನಡುವೆ ಒಂದು ತಲೆಹರಟೆ. ಬಾಯಿ ಮುಕ್ಕಳಿಸುವ ಫ್ಲೋರೈಡ್ ನೀರಿಗೆ ನಿಂಬೆ ಹಿಂಡಿ ಒಂದು ನೀಲಿ ಸ್ಕ್ರೂ ಹಾಕಿಟ್ಟೆ. ಎರಡು ದಿನಕ್ಕೆ ನೀಲಿ ಹೋಗಿ ನೇರಳೆ, ಅಂದರೆ ಪದರ ಸವೆದಿದೆ. ಹಲ್ಲಿನ ಇಂಪ್ಲಾಂಟ್ ಆರ್ಡರ್ ಹಿಡಿಯುವವರು ಇದನ್ನೊಮ್ಮೆ ಮಾಡಿ ನೋಡಿ. ಸ್ಕ್ರೂ, ಪ್ಲೇಟ್ ಒಂದಕ್ಕೊಂದು ಉಜ್ಜುವ ಜಾಗಕ್ಕೂ ಈ ಬಣ್ಣದ ಪದರ ಸಾಲದು. ಅಲ್ಲಿಗೆ ಟೈಪ್ 2 ಅನ್ನುವ, ಸವೆತ ತಡೆಯುವ ಬೂದು ಬಣ್ಣದ ಆನೋಡೈಸಿಂಗ್ ಬೇಕು, ಅದರ ಹದ ನನಗಿನ್ನೂ ಸಿಕ್ಕಿಲ್ಲ.

ಕೊನೆಗೆ ಎಫ್2129 ಟೆಸ್ಟಿಗೆ ಕೊಟ್ಟೆ, ವೋಲ್ಟೇಜ್ ಏರಿಸುತ್ತಾ ಇಂಪ್ಲಾಂಟ್ ಎಲ್ಲಿ ಕೊರೆಯಲು ಶುರುವಾಗುತ್ತದೆ ಅಂತ ನೋಡುವ ಟೆಸ್ಟು ಅದು. ಪೀಸಿಗೆ ಆರು ಸಾವಿರದ ಹತ್ತಿರ. ಪ್ಯಾಸಿವ್ ಕರೆಂಟ್ (ಪದರ ದಾಟಿ ಸೋರುವ ಕರೆಂಟು, ಕಡಿಮೆ ಇದ್ದಷ್ಟೂ ಒಳ್ಳೇದು) ಹಳೇ ಲಾಟಿನ ಹತ್ತನೇ ಒಂದು ಪಾಲಿಗೆ ಇಳಿದಿತ್ತು. 1 ವೋಲ್ಟ್ ದಾಟಿದರೂ ಗ್ರಾಫಿನ ಗೆರೆ ಅಲುಗಲಿಲ್ಲ, ಅಂದರೆ ಪದರ ಒಡೆಯಲಿಲ್ಲ. ವೈರ್ ಬಿಟ್ಟಿರಬೇಕು ಅಂದುಕೊಂಡು ಲ್ಯಾಬಿನವರು ಇನ್ನೊಮ್ಮೆ ಓಡಿಸಿದರಂತೆ. ಅದಕ್ಕೂ ಬಿಲ್ ಹಾಕಿದರು, ಖುಷಿಯಿಂದಲೇ ಕಟ್ಟಿದೆ.