ಅಮೆರಿಕದ ಜನಗಣತಿ ಫಾರಂ ನಾವು ತುಂಬಿ ಕಳಿಸಿದ್ದು ಹೀಗೆ

ನಾವಿರುವುದು ನ್ಯೂಯಾರ್ಕ್ ರಾಜ್ಯದಲ್ಲಿ, ಬಾಡಿಗೆ ಮನೆ. 2020ರಲ್ಲಿ ಮೊದಲು ಆನ್‌ಲೈನಿನಲ್ಲಿ ತುಂಬಿ ಅಂತ ಪತ್ರ ಬಂತು. ಕೊರೊನಾ ಗಲಾಟೆಯಲ್ಲಿ ಅದು ಹಾಗೇ ಉಳಿಯಿತು. ಏಪ್ರಿಲಿನಲ್ಲಿ ಕಾಗದದ ಫಾರಮ್ಮೇ ಅಂಚೆಯಲ್ಲಿ ಬಂತು, ಜೊತೆಗೆ ವಾಪಸ್ ಕಳಿಸೋಕೆ ಒಂದು ಕವರು. ಊರಲ್ಲಾದರೆ ಮೇಷ್ಟ್ರು ಮನೆಗೆ ಬಂದು ಕೇಳಿ ಬರೆದುಕೊಂಡು ಹೋಗ್ತಾರೆ. ಇಲ್ಲಿ ನಾವೇ ಬರೆಯಬೇಕು.

ಫಾರಂ ಕಷ್ಟವೇನಿಲ್ಲ. ಪೌರತ್ವದ ಪ್ರಶ್ನೆ ಇಲ್ಲ, ವೀಸಾ ಯಾವುದು ಅಂತ ಕೇಳೋದಿಲ್ಲ. ಆ ಪೌರತ್ವದ ಪ್ರಶ್ನೆ ಸೇರಿಸೋ ವಿಚಾರ ಸುಪ್ರೀಂ ಕೋರ್ಟಿನವರೆಗೂ ಹೋಗಿ 2019ರಲ್ಲಿ ಬಿದ್ದುಹೋಗಿತ್ತು. ಎಚ್1ಬಿ ಅನ್ನೋ ಕೆಲಸದ ವೀಸಾದಲ್ಲಿ ಇರುವವರೂ ಇಲ್ಲೇ ವಾಸ ಮಾಡುವವರು, ಅವರನ್ನೂ ಎಣಿಸಲೇಬೇಕು. ತಲೆ ಕೆಡಿಸೋದು ಮೊದಲನೇ ಪ್ರಶ್ನೆ: 2020ರ ಏಪ್ರಿಲ್ 1ರಂದು ಈ ಮನೆಯಲ್ಲಿ ಎಷ್ಟು ಜನ ಇದ್ದರು?

ನಮ್ಮ ಮನೆ ಆಗ ತುಂಬಿ ತುಳುಕುತ್ತಿತ್ತು. ನಾನು, ಮನೆಯವರು, ಮಗು. ಒಂದು ರೂಮಿನಲ್ಲಿ ಬಾಡಿಗೆ ಹಂಚಿಕೊಂಡು ಇದ್ದ ಮನೆಯವರ ಸಹೋದ್ಯೋಗಿ. ಶಿವಮೊಗ್ಗದಿಂದ ಬಂದು, ವಿಮಾನ ನಿಂತದ್ದರಿಂದ ವಾಪಸ್ ಹೋಗಲಾಗದೆ ಉಳಿದಿದ್ದ ಅತ್ತೆ ಮಾವ. ಅದರ ಮೇಲೆ, ಬಫಲೋದಲ್ಲಿ ಓದುತ್ತಿದ್ದ ನಮ್ಮಣ್ಣನ ಮಗ, ಕಾಲೇಜು ಮುಚ್ಚಿದ್ದಕ್ಕೆ ಇಲ್ಲಿಗೆ ಬಂದಿದ್ದ.

"ನಾವೂ ಇಲ್ಲೇ ಇದ್ದೀವಲ್ಲಮ್ಮ, ನಮ್ಮ ಹೆಸರೂ ಬರಿ" ಅಂದರು ಮಾವ. ಬರೆಯೋ ಹಾಗಿಲ್ಲ. ಸುತ್ತಾಡೋಕೆ ಬಂದ ವಿದೇಶಿಯರನ್ನು ಈ ಲೆಕ್ಕಕ್ಕೆ ಹಿಡಿಯೋದಿಲ್ಲ, ಅವರ ಮನೆ ಶಿವಮೊಗ್ಗದಲ್ಲೇ. ಅಣ್ಣನ ಮಗನೂ ನಮ್ಮ ಫಾರಮ್ಮಿಗೆ ಬರೋದಿಲ್ಲ, ಕೊರೊನಾದಿಂದ ಬೇರೆಡೆ ಹೋಗಿದ್ದರೂ ವಿದ್ಯಾರ್ಥಿಗಳನ್ನು ಕಾಲೇಜಿನ ಊರಲ್ಲೇ ಎಣಿಸಬೇಕು ಅಂತ ಜನಗಣತಿ ನಡೆಸುವ ಸೆನ್ಸಸ್ ಬ್ಯೂರೋ ಹೇಳಿತ್ತು. ಸಹೋದ್ಯೋಗಿ ಮಾತ್ರ ಸೇರಬೇಕು. ಬಾಡಿಗೆ ಕೊಡ್ತಾರೆ, ನಮ್ಮ ಸಂಬಂಧಿಕರಲ್ಲ ಅಂತ ಇಂಥವರನ್ನೇ ತುಂಬಾ ಮನೆಗಳಲ್ಲಿ ಬಿಟ್ಟುಬಿಡ್ತಾರೆ. ಸಂಬಂಧದ ಪ್ರಶ್ನೆಯಲ್ಲಿ 'ರೂಮ್‌ಮೇಟ್' ಅನ್ನೋ ಚೌಕವೇ ಇದೆ, ಅದಕ್ಕೆ ಗುರುತು ಹಾಕಿದೆ. ಅಂತೂ ನಾಲ್ಕು ಜನ.

ಆಮೇಲೆ ನೀಲಿ ಪೆನ್ನು ಹಿಡಿದು ಕೂತೆ. ನೀಲಿ ಅಥವಾ ಕಪ್ಪು ಶಾಯಿಯೇ ಆಗಬೇಕು. ಮನೆ ಬಾಡಿಗೆ ಕಟ್ಟುವವರು ಮೊದಲನೇ ವ್ಯಕ್ತಿ, ಹಾಗಾಗಿ ಮನೆಯವರ ಹೆಸರು ಮೊದಲು. ನಮ್ಮ ಕಡೆಯ ಇನಿಷಿಯಲ್‌ಗಳ ಗೋಜು ಬೇಡ ಅಂತ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ದೊಡ್ಡಕ್ಷರದಲ್ಲಿ ಬರೆದೆ. ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಂಥ ಕೂಸಿನ ವಯಸ್ಸನ್ನು ತಿಂಗಳಲ್ಲಿ ಬರೆಯಬಾರದು, 0 ಅಂತ ಬರೆಯಬೇಕು. ಎಳೆ ಮಕ್ಕಳನ್ನು ಬರೆಯೋದೇ ಬೇಡ ಅಂದುಕೊಳ್ಳುವವರು ಜಾಸ್ತಿ, ದಯವಿಟ್ಟು ಹಾಗೆ ಮಾಡಬೇಡಿ. ಜನಾಂಗದ ಪ್ರಶ್ನೆಯಲ್ಲಿ ನಮಗೆ 'ಏಷ್ಯನ್ ಇಂಡಿಯನ್'. 'ಅಮೆರಿಕನ್ ಇಂಡಿಯನ್' ಇಲ್ಲಿನ ಮೂಲನಿವಾಸಿಗಳದು, ಅವಸರದಲ್ಲಿ ಅದಕ್ಕೆ ಗುರುತು ಹಾಕಿಬಿಟ್ಟೀರಿ.

ಕವರಿಗೆ ಸ್ಟಾಂಪ್ ಬೇಡ, ಅಂಚೆ ಖರ್ಚು ಅವರದೇ. ಮಡಿಚಿ ಒಳಗಿಟ್ಟು ಅಂಟಿಸಿ ಅಂಚೆ ಡಬ್ಬಿಗೆ ಹಾಕಿದೆ. ಕಳಿಸದಿದ್ದರೆ ಆಮೇಲೆ ಮನೆ ಬಾಗಿಲಿಗೇ ಬಂದು ಕೇಳ್ತಾರೆ. ಹೆಸರು ಸಮೇತ ಕೊಟ್ಟ ವಿವರ 72 ವರ್ಷ ಹೊರಗೆ ಬರೋದಿಲ್ಲ, ಅದು ಕಾನೂನು.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಕೇಳುವವರಿಗೆ ನಮ್ಮ ರಾಜ್ಯದ್ದೇ ಕತೆ ಇದೆ. ಸಂಸತ್ತಿನ ಕೆಳಮನೆಯ 435 ಸೀಟು ರಾಜ್ಯಗಳಿಗೆ ಹಂಚಿಕೆಯಾಗೋದು ಈ ಎಣಿಕೆಯ ಮೇಲೆ. 2021ರ ಏಪ್ರಿಲಿನಲ್ಲಿ ಫಲಿತಾಂಶ ಬಂದಾಗ ನ್ಯೂಯಾರ್ಕ್ 27ರಿಂದ 26ಕ್ಕೆ ಇಳಿಯಿತು. ಇನ್ನು ಬರೀ 89 ಜನ ಲೆಕ್ಕಕ್ಕೆ ಸಿಕ್ಕಿದ್ದರೆ ಆ ಸೀಟು ಉಳಿಯುತ್ತಿತ್ತು! ವೋಟಿಲ್ಲದವರೂ, ವೀಸಾದವರೂ, ರೂಮ್‌ಮೇಟೂ, ಕೂಸೂ ಎಲ್ಲರೂ ಈ ಲೆಕ್ಕದಲ್ಲಿ ಒಂದೊಂದು ತಲೆಯೇ. ಇದನ್ನು ಓದಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಇನ್ನೊಂದು ಮಾತು. ಹತ್ತು ವರ್ಷಕ್ಕೊಮ್ಮೆ ಬರೋ ಈ ಫಾರಮ್ಮಿನಲ್ಲಿ ಮನೆಮಾತಿನ ಪ್ರಶ್ನೆ ಇಲ್ಲ. ಅದು ಇರೋದು 'ಅಮೆರಿಕನ್ ಕಮ್ಯುನಿಟಿ ಸರ್ವೆ' ಅನ್ನೋ ಬೇರೆ, ಉದ್ದದ ಫಾರಮ್ಮಿನಲ್ಲಿ. ಪ್ರತಿ ವರ್ಷ ಆಯ್ದ ಮನೆಗಳಿಗೆ ಮಾತ್ರ ಬರುತ್ತೆ. ನಿಮ್ಮನೆಗೆ ಬಂದರೆ ಉದ್ದ ನೋಡಿ ಪಕ್ಕಕ್ಕಿಡಬೇಡಿ. ಅಲ್ಲಿ ಭಾಷೆಯ ಹೆಸರನ್ನು ನಾವೇ ಕೈಯಾರೆ ಬರೆಯಬೇಕು, 'ಇಂಡಿಯನ್' ಅಂತ ಅಲ್ಲ, ಕನ್ನಡ ಅಂತಲೇ.