ಹೆಡ್ ಗ್ಯಾಸ್ಕೆಟ್ ಆದಮೇಲೆ ಓಮ್ನಿಯ ಟೈಮಿಂಗ್: ಮೂರನೇ ಸಲಕ್ಕೆ ಕೂತಿತು

ಗಾಡಿ ಕಾರ್ಬುರೇಟರ್ ಓಮ್ನಿ, ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್. ಕೊಟ್ಟಿಗೆಹಾರದ ಕಡೆಯ ತರಕಾರಿ ವ್ಯಾಪಾರಿಯೊಬ್ಬರದ್ದು. ಉಜಿರೆಯಿಂದ ಲೋಡ್ ಹಾಕಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ರೇಡಿಯೇಟರ್ ಹೋಸ್ ಒಡೆದಿದೆ, ಗೊತ್ತಾಗದೆ ನಾಲ್ಕೈದು ತಿರುವು ಓಡಿಸಿದ್ದಾರೆ. ನನ್ನ ಹತ್ತಿರ ಬಂದಾಗ ಹೆಡ್ ಗ್ಯಾಸ್ಕೆಟ್ ಹೋಗಿ, ನೀರು ಸೇರಿ, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು.

ಹೆಡ್ಡಿಗೆ, ಅಂದರೆ ಸಿಲಿಂಡರುಗಳ ಮೇಲೆ ಕೂರುವ ವಾಲ್ವ್ ಇರುವ ಭಾಗಕ್ಕೆ, ಹಿಂದೆಯೇ ಒಂದು ಸಲ ಫೇಸಿಂಗ್ (ತಳ ತುಸು ಕೆತ್ತಿ ಮಟ್ಟ ಮಾಡುವುದು) ಆಗಿತ್ತು, ಈಗ ಎರಡನೆಯದು. ಲೇತಿನವರು ತೆಗೆದದ್ದು ಸುಮಾರು 0.2 ಮಿ.ಮೀ. ಇರಬೇಕು. ನಮ್ಮ ಲೈನಿನ ಹಿರಿಯರೊಬ್ಬರು, ‘ಹೆಡ್ಡೇ ಬದಲಿಸು ಮಾರಾಯ, ಎರಡು ಸಲ ಫೇಸಿಂಗ್ ಆದದ್ದಕ್ಕೆ ಬೆಲ್ಟ್ ಮಾರ್ಕ್ ಕೂರೋದಿಲ್ಲ’ ಅಂದರು. ಪಿಸ್ಟನ್ ತಿರುಗಿಸುವ ಕೆಳಗಿನ ಕ್ರ್ಯಾಂಕನ್ನೂ ವಾಲ್ವ್ ತೆರೆಯಿಸುವ ಮೇಲಿನ ಕ್ಯಾಮನ್ನೂ ಜೋಡಿಸುವುದು ಹಲ್ಲಿನ ಟೈಮಿಂಗ್ ಬೆಲ್ಟ್; ಪುಲ್ಲಿಗಳ ಗುರುತು ಕೂತರೆ ಟೈಮಿಂಗ್ ಸರಿ. ಸೆಕೆಂಡ್ ಹ್ಯಾಂಡ್ ಹೆಡ್ಡಿಗೇ ಆಗ ಏಳೆಂಟು ಸಾವಿರ ಇತ್ತು. ಗಾಡಿಯವರ ಕೈಯಲ್ಲಿ ಅಷ್ಟು ಇರಲಿಲ್ಲ, ನನಗೂ ಆ ಮಾತು ಒಪ್ಪಿಗೆಯಾಗಲಿಲ್ಲ.

ಮೊದಲ ಸಲ ಕಟ್ಟಿದಾಗ ಸ್ಟಾರ್ಟ್ ಆಯಿತು, ಐಡ್ಲಿಂಗ್ ನಡುಗುತ್ತಿತ್ತು. ಸಿಲಿಂಡರುಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ತಿರುಗಿಸಿದೆ, ಐಡ್ಲಿಂಗ್ ನೀಟಾಯಿತು. ನಾನು ಮೋಸ ಹೋದದ್ದು ಅಲ್ಲಿಯೇ. ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್‌ನಿಂದ. ಕ್ಯಾಮ್ ಒಂದು ಹಲ್ಲು ಹಿಂದೆ ಬಿದ್ದರೆ ಸ್ಪಾರ್ಕೂ ಹಿಂದೆ ಬೀಳುತ್ತದೆ. ಸ್ಪಾರ್ಕನ್ನು ನಾನು ಸರಿಮಾಡಿದೆ, ವಾಲ್ವ್ ಹಿಂದೆಯೇ ಉಳಿಯಿತು. ಘಾಟಿಯಲ್ಲಿ ಎರಡನೇ ಗೇರಿಗೂ ಎಳೆಯದೆ ಗಾಡಿ ವಾಪಸ್ ಬಂತು. ಗ್ಯಾಸ್ಕೆಟ್ಟೇ ಸರಿ ಕೂತಿಲ್ಲ ಅಂದುಕೊಂಡು ಮತ್ತೆ ಹೆಡ್ ಬಿಚ್ಚಿ ಇನ್ನೊಂದು ಗ್ಯಾಸ್ಕೆಟ್ ಹಾಕಿದೆ. ಗ್ಯಾಸ್ಕೆಟ್, ಕೂಲೆಂಟ್, ಆಯಿಲ್ ಸೇರಿ ಎರಡೂವರೆ ಸಾವಿರ ನನ್ನ ಕೈಯಿಂದ ಹೋಯಿತು, ದೋಷ ಹಾಗೇ ಇತ್ತು.

ಆಮೇಲೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದೆ, ಅದನ್ನು ಮೊದಲೇ ಮಾಡಬೇಕಿತ್ತು. ಮೂರು ಸಿಲಿಂಡರಿನಲ್ಲೂ ನೂರಾ ಇಪ್ಪತ್ತೈದು ಪಿ.ಎಸ್.ಐ. ಆಸುಪಾಸು, ಕಡಿಮೆಯೇ. ಗ್ಯಾಸ್ಕೆಟ್ ಹೋಗಿದ್ದರೆ ಒಂದೋ, ಅಕ್ಕಪಕ್ಕದ ಎರಡೋ ಬೀಳುತ್ತವೆ, ಮೂರೂ ಒಂದೇ ಸಮ ಬೀಳುವುದಿಲ್ಲ. ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚುತ್ತಿದೆ ಅಂತ ಅವತ್ತು ಖಾತ್ರಿಯಾಯಿತು.

ಎಡವಟ್ಟು ಎರಡು ಕಡೆ ಆಗಿತ್ತು. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೆ; ಸೀಟ್ ಎತ್ತಿ ಮೇಲಿನಿಂದ ಓರೆಯಾಗಿ ನೋಡಿದರೆ ಕ್ಯಾಮ್ ಪುಲ್ಲಿಯ ಗುರುತು ಕೂತ ಹಾಗೇ ಕಾಣುತ್ತದೆ. ಮೊಬೈಲನ್ನು ಪುಲ್ಲಿಗೆ ನೇರ ಎದುರು ಹಿಡಿದು ಫೋಟೊ ತೆಗೆದೆ, ಹೆಚ್ಚುಕಡಿಮೆ ಒಂದು ಹಲ್ಲು ಆಚೆ ಇತ್ತು. ಇನ್ನೊಂದು, ಬೆಲ್ಟ್ ಏರಿಸುವಾಗ ಸಡಿಲವೆಲ್ಲ ಟೆನ್ಷನರ್ (ಬೆಲ್ಟ್ ಬಿಗಿಯಾಗಿಡುವ ರಾಟೆ) ಇಲ್ಲದ ಕಡೆಗೆ ಬಂದಿತ್ತು. ಕ್ರ್ಯಾಂಕ್ ತಿರುಗಿದ ಕೂಡಲೇ ಆ ಸಡಿಲ ತುಂಬುವವರೆಗೆ ಕ್ಯಾಮ್ ನಿಂತೇ ಇರುತ್ತದೆ. ಎಳೆಯುವ ಬದಿ ಮೊದಲು ಬಿಗಿಯಾಗಿರಬೇಕು, ಉಳಿದದ್ದನ್ನು ಟೆನ್ಷನರ್ ನುಂಗಲಿ. ಗುರುತು ಪರೀಕ್ಷಿಸಲು ಕ್ರ್ಯಾಂಕನ್ನು ಸ್ಪ್ಯಾನರಿನಲ್ಲಿ ಎರಡು ಸುತ್ತು ತಿರುಗಿಸುವಾಗ ಗುರುತು ದಾಟಿದರೆ ಹಿಂದಕ್ಕೆ ತರಬೇಡಿ, ಮತ್ತೆರಡು ಸುತ್ತು ಮುಂದಕ್ಕೇ ಹೋಗಿ. ಹಿಂದಕ್ಕೆ ತಂದರೆ ಸಡಿಲ ಮತ್ತೆ ಅದೇ ಬದಿಗೆ ಬರುತ್ತದೆ, ಗುರುತು ಸುಳ್ಳು ಹೇಳುತ್ತದೆ. ಬೆಲ್ಟ್ ತೂರಿಸುವಾಗ ಕ್ಯಾಮ್ ಪುಲ್ಲಿ ಜಾರದಂತೆ ನಾನು ಹಿಡಿಸುವ ರೀತಿ ಬೇರೆಯೇ ಇದೆ. ಅದನ್ನು ಬರೆಯುವುದಿಲ್ಲ, ಗ್ಯಾರೇಜಿಗೆ ಬಂದವರಿಗೆ ತೋರಿಸುತ್ತೇನೆ.

ಇನ್ನು ಫೇಸಿಂಗ್ ವಿಷಯ. ಹೆಡ್ ಕೆಳಗಿಳಿದರೆ ಕ್ಯಾಮ್ ತುಸು ಹಿಂದೆ ಬೀಳುವುದು ನಿಜ. ಆದರೆ 0.2 ಮಿ.ಮೀ.ಗೆ ಕ್ರ್ಯಾಂಕಿನಲ್ಲಿ ಅರ್ಧ ಡಿಗ್ರಿ ಆದರೆ ಹೆಚ್ಚು. ಒಂದು ಹಲ್ಲು ಅಂದರೆ ಹದಿನೈದು ಇಪ್ಪತ್ತು ಡಿಗ್ರಿ! ಫೇಸಿಂಗಿನಿಂದ ಗುರುತು ಕೂದಲೆಳೆಯಷ್ಟು ಸರಿಯುತ್ತದೆ, ಹಲ್ಲು ತಪ್ಪುವುದಿಲ್ಲ. ಆ ಹಿರಿಯರಿಗೆ ಇದನ್ನು ಪೇಪರಿನ ಮೇಲೆ ಲೆಕ್ಕ ಹಾಕಿಯೇ ತೋರಿಸಿದೆ.

ಕುತೂಹಲಕ್ಕೆ ಬೇಕೆಂದೇ ಒಂದು ಹಲ್ಲು ಮುಂದಿಟ್ಟೂ ನೋಡಿದೆ, ಕೈಯಲ್ಲಿ ತಿರುಗಿಸಿ ಎಲ್ಲೂ ತಾಗುವುದಿಲ್ಲ ಅಂತ ಖಚಿತ ಮಾಡಿಕೊಂಡ ಮೇಲೆಯೇ. ಫಸ್ಟ್ ಗೇರಿನಲ್ಲಿ ಎಳೆತ ಚೆನ್ನಾಗಿತ್ತು, ಮೂರನೇ ಗೇರಿನಲ್ಲಿ ಉಸಿರು ಕಟ್ಟಿತು. ಅರ್ಧ ದಿನ ಅದಕ್ಕೇ ಹೋಯಿತು.

ಸರಿಯಾಗಿ ಕೂರಿಸಿದ ಮೇಲೆ ಗೇಜ್ ಮೂರರಲ್ಲೂ ನೂರಾ ಎಪ್ಪತ್ತು ದಾಟಿತು. ಡಿಸ್ಟ್ರಿಬ್ಯೂಟರನ್ನು ನಾನು ತಿರುಗಿಸುವ ಮೊದಲಿದ್ದ ಹಳೆಯ ಗೀರಿಗೇ ತಂದೆ. ಗಾಡಿಯವರಿಂದ ಒಂದೇ ಸಲದ ಕೂಲಿ ತಗೊಂಡೆ. ಆರೇಳು ತಿಂಗಳಾಯಿತು, ನಾಲ್ಕು ಕ್ವಿಂಟಲ್ ತರಕಾರಿ ಹೇರಿಕೊಂಡು ವಾರಕ್ಕೆ ಮೂರು ಸಲ ಅದೇ ಘಾಟಿ ಹತ್ತುತ್ತಿದೆ.