ಹಿಮ್ಮಡಿಯ ಒಣ ರಕ್ತದಿಂದ ಬಿಪಿಡಿ ಜೀನ್‌ಗಳವರೆಗೆ: ನನ್ನ ಅನುಭವ

ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ ಫಿಲ್ಟರ್ ಪೇಪರಿನ ಮೇಲೆ ಇಳಿಸಿದ ಒಣ ರಕ್ತದಿಂದ ಜೀನ್ ಓದುವಷ್ಟು ಡಿಎನ್‌ಎ ಬರುವುದಿಲ್ಲ ಅಂದವರೇ ಜಾಸ್ತಿ. ಬಂತು. ಅದಕ್ಕೇ ಬರೆಯುತ್ತಿದ್ದೇನೆ. ಬಿಪಿಡಿ ಅಂದರೆ ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ, ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಬರುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ.

ದಿನ ತುಂಬದೆ ಹುಟ್ಟಿದ 700 ಗ್ರಾಂ ಮಗುವಿನ ಮೈಯಲ್ಲಿರುವುದೇ ಸುಮಾರು 60 ಮಿಲಿ ರಕ್ತ. ಸಂಶೋಧನೆಗೆ ಅಂತ ಇನ್ನೊಂದು ಮಿಲಿ ಕೇಳಲು ನನಗೆ ಮನಸ್ಸು ಬರಲಿಲ್ಲ. ಜೀನ್ ನೋಡದೆ ಬಿಡುವ ಹಾಗೂ ಇರಲಿಲ್ಲ. ಒಂದೇ ತೂಕ, ಅಷ್ಟೇ ದಿನ ವೆಂಟಿಲೇಟರ್. ಆದರೂ ಒಂದು ಮಗು ಗರ್ಭದ ಲೆಕ್ಕದಲ್ಲಿ 36ನೇ ವಾರಕ್ಕೆ ಆಮ್ಲಜನಕದ ನೆರವು ಬಿಡುತ್ತದೆ, ಇನ್ನೊಂದು ಬಿಡುವುದಿಲ್ಲ, ಅಂದರೆ ಬಿಪಿಡಿ. ನೀವೂ ನೋಡಿದ್ದೀರಿ ಅಲ್ವಾ? 2006 ಮತ್ತು 2008ರ ಅವಳಿ ಮಕ್ಕಳ ಅಧ್ಯಯನಗಳು ಈ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಹೆಚ್ಚು ವಂಶದ ಪಾಲು ಅಂದಿದ್ದವು.

ಮೊದಲು ಕೆನ್ನೆಯ ಒಳಗಿನ ಸ್ವಾಬ್ ತೆಗೆದೆ. ಡಿಎನ್‌ಎ ಧಾರಾಳವಾಗಿ ಬಂತು, ಖುಷಿಪಟ್ಟೆ. ಯಾರ ಡಿಎನ್‌ಎ ಅಂತ ಗುರುತಿಸುವ ಮಾರ್ಕರ್ ಹಾಕಿ ನೋಡಿದರೆ 40ರಲ್ಲಿ ಒಂಬತ್ತೋ ಹತ್ತೋ ಮಾದರಿಯಲ್ಲಿ ತಾಯಿಯ ಡಿಎನ್‌ಎ ಬೆರೆತಿತ್ತು. ಎದೆಹಾಲಿನಲ್ಲಿ ತಾಯಿಯ ಜೀವಕೋಶ ಇರುತ್ತದೆ, ಬಾಯಲ್ಲಿ ಉಳಿಯುತ್ತದೆ. ಅಷ್ಟರಲ್ಲಿ ಅರ್ಧ ಬ್ಯಾಚ್ ಸೀಕ್ವೆನ್ಸಿಂಗ್‌ಗೆ ಹೋಗಿತ್ತು. ಆ ವರ್ಷದ ಅನುದಾನದ ಮೂರನೇ ಒಂದು ಪಾಲು ಅಲ್ಲೇ ಕರಗಿತು. ಆಮೇಲೆ ಲ್ಯಾಬಿನಲ್ಲಿ ಉಳಿದ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಟ್ಯೂಬಿನ ರಕ್ತ ಹಿಡಿದೆ. ಪಿಸಿಆರ್ (ಡಿಎನ್‌ಎ ನಕಲು ಮಾಡಿ ಹೆಚ್ಚಿಸುವ ವಿಧಾನ) ಓಡಲೇ ಇಲ್ಲ, ಹೆಪಾರಿನ್ ಅದಕ್ಕೆ ಅಡ್ಡಿ. ಎರಡು ಕಿಟ್ ಹಾಳು.

ಕೊನೆಗೆ ಪೋಷಕರ ಒಪ್ಪಿಗೆ ಪಡೆದು ನವಜಾತ ಶಿಶುಗಳ ಸ್ಕ್ರೀನಿಂಗ್ ಕಾರ್ಡಿನಲ್ಲಿ (ಅದೇ ಫಿಲ್ಟರ್ ಪೇಪರ್) ಉಳಿದ ರಕ್ತದ ಚುಕ್ಕೆಗಳಿಗೆ ಬಂದೆ. ಚುಕ್ಕೆಯಿಂದ 3 ಮಿಮೀ ಅಗಲದ ಮೂರು ತುಂಡು ಪಂಚ್ ಮಾಡಿದೆ. ಪ್ರೋಟೀನ್ ಕರಗಿಸುವ ಕಿಣ್ವ ಪ್ರೋಟೀನೇಸ್ ಕೆ ಹಾಕಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟೆ. ಕಿಟ್ ಹೇಳುವ ಒಂದು ಗಂಟೆ ಯಾವ ಮೂಲೆಗೂ ಸಾಲದು. ಬಫರ್ ಬಿಸಿ ಮಾಡಿ 50 ಮೈಕ್ರೋಲೀಟರ್ ಮಾತ್ರ ಹಾಕಿ, ಇಳಿದದ್ದನ್ನೇ ಇನ್ನೊಮ್ಮೆ ಡಿಎನ್‌ಎ ಹಿಡಿದಿಡುವ ಕಾಲಮ್ಮಿನಿಂದ ಇಳಿಸಿದೆ. ಮಗುವಿಗೆ 100 ನ್ಯಾನೋಗ್ರಾಂ ಆಸುಪಾಸು ಸಿಕ್ಕಿತು. ರಕ್ತದ ಕೆಂಪು ಬಣ್ಣ ಉಳಿದರೆ ಪಿಸಿಆರ್ ಕೆಡುತ್ತದೆ. ಅದನ್ನು ತೊಳೆಯಲು ಮೊದಲೇ ಒಂದು ದ್ರಾವಣದಲ್ಲಿ ನೆನೆಸುತ್ತೇನೆ. ಅದೇನು ಅಂತ ಸದ್ಯಕ್ಕೆ ಹೇಳುವುದಿಲ್ಲ.

ನಡುವೆ ಹೊಕ್ಕುಳಬಳ್ಳಿಯ ತುಂಡನ್ನೂ ಪರೀಕ್ಷಿಸಿದೆ. ಡಿಎನ್‌ಎ ರಾಶಿ ಬರುತ್ತದೆ, ಆದರೆ ನಡುರಾತ್ರಿ ಹೆರಿಗೆಯಲ್ಲಿ ಯಾರು ಎತ್ತಿಡುತ್ತಾರೆ?

ಸುಮಾರು 120 ಮಕ್ಕಳಲ್ಲಿ 110 ಮಾದರಿ ಪಾಸಾದವು. ಹೆಚ್ಚು ಕೈಯಿರುವ ಲ್ಯಾಬಿಗೂ ಇದು ಸುಲಭವಲ್ಲ. ಇಷ್ಟು ಮಕ್ಕಳನ್ನಿಟ್ಟುಕೊಂಡು ಇಡೀ ಜೀನೋಮ್ ಜಾಲಾಡುವುದು ಸುಮ್ನೆ ದುಡ್ಡು ದಂಡ. ಬಿಪಿಡಿಗಾಗಿ ಇಡೀ ಜೀನೋಮ್ ಹುಡುಕಿದ 2013ರ ದೊಡ್ಡ ಸ್ಕ್ಯಾನ್‌ನಲ್ಲೇ ಗಟ್ಟಿಯಾದ ಜಾಗ ಒಂದೂ ಸಿಗಲಿಲ್ಲ. ಹಾಗಾಗಿ ನಾಲ್ಕು ಜೀನ್ ಮಾತ್ರ ಓದಿಸಿದೆ: ಶ್ವಾಸಕೋಶದ ಗಾಳಿಚೀಲ ಮುಚ್ಚಿಕೊಳ್ಳದಂತೆ ಕಾಯುವ ಸರ್ಫ್ಯಾಕ್ಟಂಟ್‌ಗೆ ಸೇರಿದ ಎಸ್‌ಎಫ್‌ಟಿಪಿಬಿ, ಎಸ್‌ಎಫ್‌ಟಿಪಿಸಿ, ಎಬಿಸಿಎ3 ಮತ್ತು ಬಿಪಿಡಿಗೆ ಸಂಬಂಧಿಸಿ 2011ರಲ್ಲಿ ಹೆಸರು ಬಂದ ಎಸ್‌ಪಿಒಸಿಕೆ2. ಬಿಪಿಡಿ ಇದೆಯೋ ಇಲ್ಲವೋ ಅನ್ನುವುದನ್ನು ಕೇಸ್ ಶೀಟ್ ನೋಡಿ ಬರೆಯಲಿಲ್ಲ. ಆಮ್ಲಜನಕ ಕಡಿಮೆ ಮಾಡುವ ಪರೀಕ್ಷೆ ನಡೆಸಿಯೇ ಗುಂಪು ಮಾಡಿದೆ. ಎಂಟು ಮಕ್ಕಳು ಆಗ ಗುಂಪು ಬದಲಿಸಿದರು.

ಈಗ ಅಪ್ಪ ಅಮ್ಮನ ಒಣ ಚುಕ್ಕೆಗಳನ್ನೂ ಸೇರಿಸುತ್ತಿದ್ದೇನೆ. ಮೊದಲ 20 ಕುಟುಂಬಗಳ ಕಾರ್ಡ್ ಮೈನಸ್ 20ರಲ್ಲಿವೆ.